ಉತ್ತರ ನನಗೆ ಕೇಳಿಸಲಿಲ್ಲ

ನಾರ್‌ಶೋಪಿಂಗ್‌ನಲ್ಲಿ ನಾವಿರುವ ಕಟ್ಟಡದಲ್ಲಿ ಮನೆಗಳು ಇಪ್ಪತ್ತೇಳು, ಬಟ್ಟೆ ಒಗೆಯುವ ಕೋಣೆ ಒಂದೇ. ಅದು ನೆಲಮಾಳಿಗೆಯಲ್ಲಿದೆ. ಯಾರು ಯಾವಾಗ ಒಗೆಯಬೇಕು ಎನ್ನುವುದನ್ನು ಬಾಗಿಲ ಪಕ್ಕದ ಹಲಗೆಯಲ್ಲಿ ಮೊದಲೇ ಗುರುತು ಮಾಡಿಕೊಳ್ಳಬೇಕು. ಬುಧವಾರ ಒಂದು ಗಂಟೆಯಿಂದ ನಾಲ್ಕರವರೆಗೆ ನನ್ನ ಸರದಿ. ಅದಕ್ಕೆ ಮುಂಚಿನ ಮೂರು ಗಂಟೆ ಮೇಲಿನ ಮನೆಯವರದು. ಅವರು ಇಂಗ್ಲೆಂಡಿನಿಂದ ಬಂದವರು, ವಯಸ್ಸು ಎಪ್ಪತ್ತು ದಾಟಿತ್ತು, ಒಬ್ಬರೇ ಇದ್ದರು. ಒಂದು ಗಂಟೆಗೆ ನಾನು ಬುಟ್ಟಿ ಹಿಡಿದು ಇಳಿದಾಗ ಅವರ ಹಾಸಿಗೆ ಹೊದಿಕೆ ಮಡಿಚುವುದು ಬಾಕಿ ಇರುತ್ತಿತ್ತು. ದೊಡ್ಡ ಹೊದಿಕೆಯನ್ನು ಒಬ್ಬರೇ ಮಡಿಚುವುದು ಕಷ್ಟ. ಒಂದು ದಿನ ನಾನು ಇನ್ನೊಂದು ತುದಿ ಹಿಡಿದೆ. ಆಮೇಲೆ ಪ್ರತಿ ಬುಧವಾರ ಹಿಡಿದೆ. ನಮ್ಮ ಪರಿಚಯ ಬೆಳೆದದ್ದು ಹೀಗೆ.

ಬೆಂಗಳೂರಿನಲ್ಲಿ ನಾನು ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದೆ. ಹೆಚ್ಚಿನ ಕಾಲ ಜಿಲ್ಲಾ ಪುಟಗಳು. ಹೆಂಡತಿಗೆ ಸ್ವೀಡನ್ನಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು, ಅವಳ ಪರವಾನಗಿಯ ನೆರಳಲ್ಲಿ ನಾನೂ ಮಗಳೂ ಬಂದೆವು. ಇಲ್ಲಿ ನನಗೆ ಸಿಕ್ಕಿದ್ದು ಊರ ಹೊರಗಿನ ಗೋದಾಮಿನಲ್ಲಿ ಕೆಲಸ. ತಲೆಗೆ ಹೆಡ್‌ಸೆಟ್ ಹಾಕಿಕೊಂಡು ಗಾಡಿ ಓಡಿಸಬೇಕು. ಯಾವ ಸಾಲಿನ ಯಾವ ಕಪಾಟಿನಿಂದ ಎಷ್ಟು ಪೆಟ್ಟಿಗೆ ತೆಗೆಯಬೇಕೆಂದು ಅದರೊಳಗಿನ ಹೆಣ್ಣು ದನಿ ಹೇಳುತ್ತದೆ, ತೆಗೆದ ಮೇಲೆ ನಾನು ಒಂದು ಅಂಕಿ ಹೇಳಬೇಕು. ಹೆಂಡತಿ ಬೆಳಿಗ್ಗೆ ಆರಕ್ಕೆ ಸ್ಟಾಕ್‌ಹೋಮ್ ರೈಲು ಹಿಡಿದರೆ ಸಂಜೆ ಏಳಕ್ಕೆ ಬರುತ್ತಿದ್ದಳು. ಮಗಳಿಗೆ ಅವಳ ಶಾಲೆ, ಅವಳ ಗೆಳತಿಯರು. ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ. ಕೆಲವು ದಿನ ನಾನು ಅತಿ ಹೆಚ್ಚು ಮಾತಾಡಿದ್ದು ಹೆಡ್‌ಸೆಟ್ಟಿನ ಜೊತೆಗೇ. ಹಾಗಾಗಿ ಬುಧವಾರಕ್ಕೆ ಕಾಯುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮೇಲಿನ ಮನೆಯವರು ಮೂವತ್ತು ವರ್ಷಗಳ ಹಿಂದೆ ಕಾಗದದ ಕಾರ್ಖಾನೆಯೊಂದರಲ್ಲಿ ಯಂತ್ರ ಜೋಡಿಸಲು ಬಂದವರು. ಇಲ್ಲಿಯವಳನ್ನೇ ಮದುವೆಯಾದರು, ಆಕೆ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಸ್ವೀಡನ್ನಿನ ಪೌರತ್ವ ತೆಗೆದುಕೊಂಡಿರಲಿಲ್ಲ. ಯಾಕೆ ಎಂದು ಕೇಳಿದ್ದೆ. ಅದರ ಅಗತ್ಯವೇ ಬೀಳಲಿಲ್ಲ ಎಂದಿದ್ದರು. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದದ್ದು ಅವರಿಗೆ ಸಂತೋಷದ ವಿಷಯ. ದೇಶ ಬಿಟ್ಟು ಬಹಳ ವರ್ಷಗಳಾಗಿದ್ದರಿಂದ ಆ ಜನಮತದಲ್ಲಿ ಅವರಿಗೆ ಓಟು ಇರಲಿಲ್ಲ. ಇದ್ದಿದ್ದರೆ ಹೊರಬರಲೆಂದೇ ಹಾಕುತ್ತಿದ್ದೆ ಎಂದು ಮೂರು ಸಲವಾದರೂ ಹೇಳಿದ್ದಾರೆ.

ಹೊರಬಂದದ್ದರ ಒಂದು ಪರಿಣಾಮ ಅವರ ಮನೆಯ ಬಾಗಿಲಿಗೇ ಬಂತು. ಸ್ವೀಡನ್ನಿನಲ್ಲಿ ನೆಲೆಸಿದ್ದ ಬ್ರಿಟಿಷರೆಲ್ಲ ಒಂದು ಗಡುವಿನೊಳಗೆ ಹೊಸದಾಗಿ ವಾಸದ ಹಕ್ಕಿಗೆ ಅರ್ಜಿ ಹಾಕಬೇಕಿತ್ತು. ಗಡುವಿಗೆ ಇನ್ನೂ ಎರಡು ತಿಂಗಳಿರುವಾಗ, ಅಕ್ಟೋಬರಿನ ಒಂದು ಬುಧವಾರ ಬಟ್ಟೆ ಕೋಣೆಯಲ್ಲಿ ನಿಂತೇ ಅವರು ವಲಸೆ ಕಚೇರಿಗೆ ಫೋನು ಮಾಡಿದರು. ಬೆಳಿಗ್ಗೆಯಿಂದ ಫೋನಿನ ಸಾಲಿನಲ್ಲಿದ್ದರಂತೆ, ಆಗ ತಾನೇ ಸರದಿ ಬಂದಿತ್ತು. ನಾನು ನನ್ನ ಬಟ್ಟೆಗಳನ್ನು ಮೆಷಿನ್ನಿಗೆ ತುಂಬುತ್ತಿದ್ದೆ. ತಮ್ಮ ಬಳಿ ಹಳೆಯ ನೋಂದಣಿ ಪತ್ರ ಇದೆ ಎಂದು ಅವರು ಸ್ವೀಡಿಷ್‌ನಲ್ಲಿ ವಿವರಿಸಿದರು. ಆಮೇಲೆ, "ಹಾಗಾದರೆ ನಾನೇನೂ ಮಾಡಬೇಕಾಗಿಲ್ಲ, ಅಲ್ಲವೇ?" ಎಂದರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಥ್ಯಾಂಕ್ಸ್ ಎಂದು ಎರಡು ಸಲ ಹೇಳಿ ಫೋನು ಇಟ್ಟರು. ಹೊದಿಕೆಯ ತುದಿಯನ್ನು ನನ್ನ ಕಡೆ ಚಾಚಿದರು.

ನಾನು ಏನೂ ಕೇಳಲಿಲ್ಲ. ಬೆಂಗಳೂರಿನ ಯಾವುದೇ ಕಚೇರಿಯ ಸಾಲಿನಲ್ಲಿ ಮುಂದಿನವನು ಕಿಟಕಿಯಿಂದ ತಿರುಗಿದ ಕೂಡಲೇ ಹಿಂದಿನ ಹತ್ತು ಜನ "ಏನಂದ್ರು?" ಎಂದು ಕೇಳುತ್ತಾರೆ. ನಾನು ಆ ಪ್ರಶ್ನೆಯಿಂದಲೇ ಹೊಟ್ಟೆ ಹೊರೆದವನು. ಆದರೆ ಸ್ವೀಡನ್ನಿಗೆ ಬಂದ ಎರಡು ವರ್ಷದಲ್ಲಿ ಇನ್ನೊಬ್ಬರ ಫೋನು ಮುಗಿದಾಗ ಬೇರೆ ಕಡೆ ನೋಡುವುದನ್ನು ಕಲಿತಿದ್ದೆ. ಚೆನ್ನಾಗಿಯೇ ಕಲಿತಿದ್ದೆ. ಹೊದಿಕೆ ಮಡಿಚಿದೆವು, ಅವರು ಮೇಲೆ ಹೋದರು.

ಡೆಸ್ಕಿನ ದಿನಗಳಿಂದಲೂ ನನಗೆ ಒಂದು ಅಭ್ಯಾಸ. ಮಲಗುವ ಮುಂಚೆ ನೋಟ್‌ಬುಕ್ಕಿನಲ್ಲಿ ದಿನದ ನಾಲ್ಕೈದು ಸಾಲು ಬರೆಯುತ್ತೇನೆ: ಸಮಯ, ಜಾಗ, ಯಾರು ಏನೆಂದರು. ಅಭಿಪ್ರಾಯ ಬರೆಯುವುದಿಲ್ಲ. ಅಂದಿನ ಫೋನನ್ನೂ ಬರೆದುಕೊಂಡೆ.

ಮುಂದಿನ ಬೇಸಿಗೆಯಲ್ಲಿ ಇಲ್ಲಿ ಚುನಾವಣೆಯ ಪ್ರಚಾರ. ಗ್ರಂಥಾಲಯದಲ್ಲಿ ಒಂದು ಸಂಜೆ ಸಾರ್ವಜನಿಕ ಚರ್ಚೆ ಏರ್ಪಟ್ಟಿತ್ತು. ಸ್ವೀಡನ್ನೂ ಒಕ್ಕೂಟದಿಂದ ಹೊರಬರಬೇಕೇ ಎನ್ನುವುದು ವಿಷಯ. ಯಾವ ದೊಡ್ಡ ಪಕ್ಷವೂ ಅದನ್ನು ಗಟ್ಟಿಯಾಗಿ ಒತ್ತಾಯಿಸುತ್ತಿರಲಿಲ್ಲವಾದರೂ ಜನ ಬಂದಿದ್ದರು. ಮೇಲಿನ ಮನೆಯವರು ನನ್ನನ್ನೂ ಕರೆದುಕೊಂಡು ಹೋದರು. ಅಷ್ಟರಲ್ಲಿ ಅವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಗಿತ್ತು. ಟ್ರಾಮ್ ಇಳಿದು ನಡೆಯುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು.

ಇಲ್ಲಿಯ ಚರ್ಚೆಯಲ್ಲಿ ಯಾರೂ ಯಾರ ಮಾತಿಗೂ ಅಡ್ಡ ಬರುವುದಿಲ್ಲ. ಕೈಯೆತ್ತಿದರೆ ನಡೆಸುವವರು ಹೆಸರು ಬರೆದುಕೊಳ್ಳುತ್ತಾರೆ. ಸರದಿ ಬಂದಾಗ ಎರಡು ನಿಮಿಷ ಮಾತು. ಹಾಗಾಗಿ ಒಬ್ಬರು ಹೇಳಿದ್ದಕ್ಕೆ ಉತ್ತರ ಸಿಗುವುದು ಐದು ಜನರಾದ ಮೇಲೆ, ಅಷ್ಟರಲ್ಲಿ ಕೋಪ ಇಳಿದಿರುತ್ತದೆ. ಆರೋಗ್ಯ ಕೇಂದ್ರದಲ್ಲಿ ವೈದ್ಯರ ಸಮಯ ಸಿಗುವುದಿಲ್ಲ ಎಂದು ಒಬ್ಬಾತ ದೂರಿದ. ವಲಸೆ ಬಂದವರು ಹೋಗಿಬಿಟ್ಟರೆ ತಾನು ಕೆಲಸ ಮಾಡುವ ವಾರ್ಡಿನ ದೀಪ ಹಾಕಲೂ ಯಾರೂ ಇರುವುದಿಲ್ಲ ಎಂದು ನರ್ಸ್ ಒಬ್ಬಳು ಹೇಳಿದಳು. ಮೇಲಿನ ಮನೆಯವರು ಕುರ್ಚಿಯ ಬೆನ್ನು ಹಿಡಿದು ನಿಂತರು. ದೇಶಕ್ಕೆ ತನ್ನ ಬಾಗಿಲಿನ ಬೀಗ ತನ್ನ ಕೈಯಲ್ಲಿರಬೇಕು, ಯಾರು ಬಂದರು, ಯಾರು ಉಳಿದರು ಎಂಬ ಲೆಕ್ಕ ಇರಬೇಕು, ಕಾಗದ ಇಲ್ಲದೆ ಉಳಿದವರು ಹೊರಡಬೇಕು ಎಂದರು. ಅವರ ಸ್ವೀಡಿಷ್ ಸರಾಗವಾಗಿತ್ತು, ದನಿ ಮಾತ್ರ ಇಂಗ್ಲಿಷಿನದು. ನಾಲ್ಕು ಜನರ ನಂತರ ಮುಂದಿನ ಸಾಲಿನ ಹೆಂಗಸೊಬ್ಬಳು ತನ್ನ ಸರದಿಯಲ್ಲಿ ಎದ್ದು ನಿಂತು, ಆ ಹಿರಿಯರು ಎಲ್ಲಿಂದ ಬಂದರೆಂದು ತಿಳಿಯಬಹುದೇ ಎಂದಳು. ಸಭೆ ಮೆಲ್ಲಗೆ ನಕ್ಕಿತು. ಅವರೂ ನಕ್ಕರು. "ನಾನು ಕೆಲಸಕ್ಕೆ ಬಂದೆ, ಕೆಲಸ ಮಾಡಿದೆ," ಎಂದು ಸರದಿ ಇಲ್ಲದೆಯೇ ಹೇಳಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, ಇವನನ್ನು ಕೇಳಿ, ಇವನೂ ನಿಯಮದಂತೆ ಬಂದವನು ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಡೆಸುವವರು ಪೆನ್ನು ಎತ್ತಿ ನನ್ನ ಹೆಸರು ಬರೆದುಕೊಳ್ಳಲೇ ಎನ್ನುವಂತೆ ಹುಬ್ಬೇರಿಸಿದರು. ನಾನು ಬೇಡ ಎಂದು ತಲೆಯಾಡಿಸಿದೆ.

ಆ ಸಂಜೆ ಅವರ ಬಳಿಯೇ ಬೇಕಾದ ಕಾಗದ ಇರಲಿಲ್ಲ. ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಚಳಿಗಾಲದಲ್ಲಿ. ಇಂಗ್ಲೆಂಡಿನಲ್ಲಿದ್ದ ಅವರ ತಂಗಿ ತೀರಿಕೊಂಡಳು. ಎರಡು ಡಯಾಲಿಸಿಸ್‌ಗಳ ನಡುವೆ ಸಿಕ್ಕ ಅವಧಿಯಲ್ಲಿ ಮಣ್ಣಿಗೆ ಹೋಗಿ ಬಂದರು. ವಾಪಸು ಬರುವಾಗ ವಿಮಾನ ನಿಲ್ದಾಣದ ಗಾಜಿನ ಪೆಟ್ಟಿಗೆಯಲ್ಲಿದ್ದ ಅಧಿಕಾರಿ ವಾಸದ ಕಾರ್ಡು ಕೇಳಿದ. ಇವರು ಮಡಿಕೆಯಲ್ಲಿ ಹರಿದಿದ್ದ ಹಳೆಯ ನೋಂದಣಿ ಪತ್ರ ತೋರಿಸಿದರು. ಇದು ಈಗ ನಡೆಯುವುದಿಲ್ಲ ಎಂದು ಅವನು ಪಾಸ್‌ಪೋರ್ಟಿಗೆ ಪ್ರವಾಸಿಗರ ಮುದ್ರೆ ಒತ್ತಿದ. ತೊಂಬತ್ತು ದಿನ.

ಗಡುವು ಮೀರಿದ ಅರ್ಜಿಯನ್ನೂ ಹಾಕಬಹುದಿತ್ತು, ಆದರೆ ತಡವಾದದ್ದಕ್ಕೆ ಒಪ್ಪುವಂಥ ಕಾರಣ ಬೇಕು. ಕಾರಣ ಇದೆ, ಕಚೇರಿಯವರೇ ಅಗತ್ಯವಿಲ್ಲ ಎಂದಿದ್ದರು ಎಂದು ಅವರು ಬರೆದರು. ಅದಕ್ಕೆ ಆಧಾರ ಕೊಡಿ ಎಂದು ಪತ್ರ ಬಂತು. ಇತ್ತ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯೊಬ್ಬಳು ಅವರನ್ನು ಕೂರಿಸಿಕೊಂಡು ಮಾತಾಡಿದಳು. ಯಂತ್ರದಿಂದ ಯಾರೂ ನಿಮ್ಮನ್ನು ಎಬ್ಬಿಸಿ ಕಳಿಸುವುದಿಲ್ಲ, ಆದರೆ ಅರ್ಜಿ ತಿರಸ್ಕಾರವಾದರೆ ಇಲ್ಲಿಯ ನಿವಾಸಿಯಂತೆ ಚಿಕಿತ್ಸೆ ಮುಂದುವರಿಯುತ್ತದೆ ಎಂದು ಮಾತು ಕೊಡಲಾರೆ ಎಂದಳಂತೆ. ಮೂವತ್ತು ವರ್ಷದ ಊರು, ವಾರಕ್ಕೆ ಮೂರು ದಿನದ ಯಂತ್ರ, ಎರಡೂ ಆ ಒಂದು ಫೋನಿನ ಮೇಲೆ ನಿಂತವು. ಆ ಫೋನಿನ ಹೊತ್ತಿಗೆ ಪಕ್ಕದಲ್ಲಿದ್ದವನು ನಾನೊಬ್ಬನೇ.

ಬುಧವಾರ ಅವರು, ಆ ಫೋನು ನೆನಪಿದೆಯೇ ಎಂದು ನನ್ನನ್ನು ಕೇಳಿದರು. ನನಗೆ ನೆನಪಿದೆ, ಬರೆದೂ ಇಟ್ಟಿದ್ದೇನೆ ಎಂದೆ. ಮೇಲೆ ಓಡಿ ಹೋಗಿ ನೋಟ್‌ಬುಕ್ ತಂದೆ. ಕನ್ನಡದ ಅಕ್ಷರಗಳ ಮೇಲೆ ಬೆರಳಾಡಿಸಿ, "ಇದರಲ್ಲಿ ನಾನೆಲ್ಲಿ?" ಎಂದರು. ತೋರಿಸಿದೆ. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಆ ಮೊದಲು ನೋಡಿರಲಿಲ್ಲ. ಸಾಲು ಸಾಲಾಗಿ ಇಂಗ್ಲಿಷಿಗೆ ಹೇಳಿದೆ. ದಿನಾಂಕ, ಸಮಯ, ಹಳೆಯ ಪತ್ರದ ಮಾತು, ಅವರ ಪ್ರಶ್ನೆ, ಎರಡು ಥ್ಯಾಂಕ್ಸ್.

"ಫೋನಿನಲ್ಲಿದ್ದ ಕಚೇರಿಯವಳ ಉತ್ತರ?"

"ಉತ್ತರ ಇಲ್ಲಿಲ್ಲ. ನನಗೆ ಕೇಳಿಸಲಿಲ್ಲ."

"ನಾನು ಥ್ಯಾಂಕ್ಸ್ ಹೇಳಿದ್ದು ಕೇಳಿಸಿತಲ್ಲ. ಕೆಟ್ಟ ಸುದ್ದಿ ಕೊಟ್ಟವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ?"

"ನೀವು ಬಸ್ಸಿನ ಬಾಗಿಲು ತೆರೆದುಕೊಂಡರೂ ಥ್ಯಾಂಕ್ಸ್ ಹೇಳುತ್ತೀರಿ," ಎಂದೆ.

ನಕ್ಕರು. ನಗು ನಿಂತ ಮೇಲೆ ಸಣ್ಣ ದನಿಯಲ್ಲಿ, "ಒಂದೇ ಒಂದು ವಾಕ್ಯ ಸೇರಿಸು. ಅಗತ್ಯವಿಲ್ಲ ಎಂದು ಆಕೆ ಹೇಳಿದ್ದು ನಿನಗೆ ಕೇಳಿಸಿತು ಅಂತ. ಅದು ಸುಳ್ಳಲ್ಲ, ಆಕೆ ಹೇಳಿದ್ದು ನನಗೆ ಗೊತ್ತು," ಎಂದರು.

ಯೋಚಿಸಿ ಬರೆದು ಕೊಡುತ್ತೇನೆ ಎಂದೆ. ಅವರು ಆ ವಾಕ್ಯವನ್ನೇ ಬರೆದು ಕೊಡುತ್ತೇನೆಂದು ತಿಳಿದುಕೊಂಡರು. ನಾನು ತಿದ್ದಲಿಲ್ಲ.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಅವರ ಬಗ್ಗೆ ಅಕ್ಕರೆ ಇಲ್ಲದವಳಲ್ಲ. ಡಯಾಲಿಸಿಸ್‌ನವರು ಏನು ತಿನ್ನಬಹುದು, ಏನು ತಿನ್ನಬಾರದು ಎಂದು ಓದಿಕೊಂಡು, ಉಪ್ಪು ಬಹಳ ಕಡಿಮೆ ಹಾಕಿ ಅಕ್ಕಿ ರೊಟ್ಟಿ ಮಾಡಿ ಕಳಿಸುತ್ತಿದ್ದಳು. ಆದರೆ ನಮ್ಮ ಪರವಾನಗಿಯ ನವೀಕರಣವೂ ಆಗ ಬಾಕಿ ಇತ್ತು. ಏಳು ತಿಂಗಳಿಂದ ಕಾಯುತ್ತಿದ್ದೆವು.

"ನಮ್ ಫೈಲೂ ಅಲ್ಲೇ ಯಾರದೋ ಟೇಬಲ್ ಮೇಲಿದೆ ಕಣ್ರೀ," ಎಂದಳು. "ಕೇಳಿಸದೇ ಇದ್ದಿದ್ದನ್ನ ಕೇಳಿಸ್ತು ಅಂತ ಪರ್ಸನ್‌ನುಮ್ಮರ್ ಹಾಕಿ ಸೈನ್ ಮಾಡ್ತೀರಾ? ನಾಳೆ ಅವರ ಕಾಲ್ ರೆಕಾರ್ಡಿಂಗ್ ಇದ್ರೆ?"

ಪರ್ಸನ್‌ನುಮ್ಮರ್ ಎಂದರೆ ಇಲ್ಲಿ ಪ್ರತಿಯೊಬ್ಬರಿಗೂ ಇರುವ ಗುರುತಿನ ಸಂಖ್ಯೆ, ಅದು ಎಲ್ಲ ಕಡತಗಳಿಗೂ ಕೊಂಡಿ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ನನಗೆ ಬೇರೆ ಒಂದು ಕಾರಣವೂ ಇತ್ತು. ಡೆಸ್ಕಿಗೆ ಸೇರಿದ ಮೂರನೇ ವರ್ಷ, ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಬಾಣಂತಿ ತೀರಿಕೊಂಡ ಸುದ್ದಿ ಬಂತು. ವರದಿಗಾರ ನನ್ನ ಎದುರೇ ಆಸ್ಪತ್ರೆಗೆ ಫೋನು ಮಾಡಿ, "ಹಾಗಾದ್ರೆ ನರ್ಸ್ ಇರ್ಲಿಲ್ವಾ ಸಾರ್?" ಎಂದು ಕೇಳಿದ, ತಲೆಯಾಡಿಸಿದ, ಇಟ್ಟ. ಪುಟ ಮುಗಿಸುವ ಗಡಿಬಿಡಿ. 'ಕರ್ತವ್ಯದಲ್ಲಿ ನರ್ಸ್ ಇರಲಿಲ್ಲ ಎಂದು ವೈದ್ಯರು ತಿಳಿಸಿದರು' ಎಂದು ನಾನೇ ಸಾಲು ಜೋಡಿಸಿದೆ. ವೈದ್ಯರು ಹೇಳಿದ್ದು ಪಾಳಿ ಪುಸ್ತಕ ನೋಡಬೇಕು ಎಂದಷ್ಟೇ. ನರ್ಸ್ ಇದ್ದಳು. ನಾಲ್ಕನೇ ದಿನ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದೆವು. ಅಷ್ಟರಲ್ಲಿ ಅವಳನ್ನು ಅಮಾನತು ಮಾಡಿದ್ದರು. ಮುಖ್ಯ ಉಪಸಂಪಾದಕರು ನನ್ನನ್ನು ಬೈಯಲಿಲ್ಲ. ಆ ತಿದ್ದುಪಡಿಯನ್ನು ನನ್ನ ಕೈಯಲ್ಲೇ ಬರೆಸಿದರು, ಅಷ್ಟೆ.

ಹೆಂಡತಿಯ ಭಯ ಎಷ್ಟು, ಆ ನರ್ಸ್ ಎಷ್ಟು, ಎಂದು ನಾನು ಈಗಲೂ ಪಾಲು ಮಾಡಿ ಹೇಳಲಾರೆ. ಭಾನುವಾರ ಕೂತು, ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ಇದ್ದಂತೆಯೇ ಬರೆದೆ. ಅವರು ಆ ದಿನ ಕಚೇರಿಗೆ ಫೋನು ಮಾಡಿದ್ದು ನಿಜ ಎಂದು ಬರೆದೆ. ಅವರು ಕೇಳಿದ ಪ್ರಶ್ನೆ ಬರೆದೆ. ಫೋನಿನ ನಂತರ ನಿರಾಳವಾಗಿ ಕಂಡರು ಎಂದು ಬರೆದೆ. ನಿರಾಳ ಎನ್ನುವುದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ನೆನಪಿನಿಂದ ಸೇರಿಸಿದೆ, ನೆನಪಿನಿಂದ ಎಂದೂ ಬರೆದೆ. ಕೊನೆಗೆ, ಅತ್ತ ಕಡೆಯ ಉತ್ತರ ನನಗೆ ಕೇಳಿಸಲಿಲ್ಲ ಎಂದು ಬರೆದೆ. ಕಳಿಸುವ ಪತ್ರದಲ್ಲಿ ಸ್ವೀಡಿಷ್ ತಪ್ಪಬಾರದೆಂದು ಮಗಳ ಮುಂದೆ ಇಟ್ಟೆ. ಅವಳಿಗೆ ಹದಿನಾರು. ಎರಡು ಪದ ತಿದ್ದಿದಳು. ಕೊನೆಯ ಸಾಲಿನ ಹತ್ತಿರ ನಿಂತಳು.

"ಅಪ್ಪ, ಇದನ್ನ ಯಾಕೆ ಹಾಕಿದ್ದೀಯ?" ಅವಳು ಕನ್ನಡದಲ್ಲಿ ಕೇಳಿದಳು. "ಅವರೇನೂ ಕೇಳಿಲ್ವಲ್ಲ, ನಿಂಗೆ ಕೇಳಿಸ್ತಾ ಅಂತ."

ಆ ಸಾಲನ್ನು ಬಿಟ್ಟುಬಿಡಬಹುದಿತ್ತು. ಸುಳ್ಳು ಸೇರಿಸದೆಯೂ, ಓದುವವರು ತಾವೇ ಊಹಿಸಿಕೊಳ್ಳಲಿ ಎಂದು ಖಾಲಿ ಬಿಡಬಹುದಿತ್ತು. ಅವಳು ಹೇಳುವವರೆಗೆ ಅದು ನನಗೆ ಹೊಳೆದೇ ಇರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಹೊಳೆದ ಮೇಲೂ ಸಾಲು ತೆಗೆಯಲಿಲ್ಲ. ಸಹಿ ಮಾಡಿದೆ.

ಮೇಲಿನ ಮನೆಯವರು ಅದನ್ನು ತಮ್ಮ ಬಾಗಿಲಲ್ಲಿ ನಿಂತು, ಕನ್ನಡಕ ಹಾಕಿಕೊಂಡು ಓದಿದರು. ಎರಡನೇ ಸಲ ಓದಿದರು. ಒಳಗೆ ಬಾ ಎನ್ನಲಿಲ್ಲ. "ಒಂದು ತಪ್ಪೂ ಇಲ್ಲ," ಎಂದರು. ಮಗಳು ನೋಡಿಕೊಟ್ಟಳು ಎಂದೆ. "ಅವಳಿಗೆ ಥ್ಯಾಂಕ್ಸ್ ಹೇಳು," ಎಂದರು.

ಪತ್ರವನ್ನು ಅವರು ಕಳಿಸಿದರು. ಬೇರೆ ಆಧಾರ ಅವರ ಬಳಿ ಇರಲಿಲ್ಲ. ಬೇಸಿಗೆಯ ಹೊತ್ತಿಗೆ ತೀರ್ಮಾನ ಬಂತು: ಅರ್ಜಿ ತಿರಸ್ಕಾರ. ಫೋನು ಮಾಡಿದ್ದು ಸಾಬೀತಾಗಿದೆ, ಕಚೇರಿ ಏನು ಹೇಳಿತೆಂಬುದು ಸಾಬೀತಾಗಿಲ್ಲ, ಸಾಕ್ಷಿಯೇ ತನಗೆ ಉತ್ತರ ಕೇಳಿಸಲಿಲ್ಲವೆಂದು ಹೇಳಿದ್ದಾನೆ ಎಂಬುದು ಅದರ ಸಾರ. ಇದನ್ನು ಅವರು ಬಟ್ಟೆ ಕೋಣೆಯಲ್ಲಿ ನನಗೆ ಓದಿ ಹೇಳಿದರು, ಹವಾಮಾನ ವರದಿ ಓದುವಂತೆ. ಮೇಲ್ಮನವಿ ಹಾಕಿ, ನಾನೂ ಬರುತ್ತೇನೆ, ವಕೀಲರನ್ನು ನೋಡೋಣ ಎಂದೆ. ನೋಡೋಣ ಎಂದರು. ಅಂದು ಅವರ ಹೊದಿಕೆ ಆಗಲೇ ಮಡಿಚಿ ಆಗಿತ್ತು. ಅರ್ಧಂಬರ್ಧ, ಅಂಚು ಕೂಡದೆ. ಒಬ್ಬರೇ ಮಡಿಚಿದ್ದರು.

ಆಮೇಲೆ ಅವರು ನನ್ನೊಂದಿಗೆ ಮಾತು ಬಿಟ್ಟರು ಎಂದರೆ ತಪ್ಪಾಗುತ್ತದೆ. ಎದುರಾದಾಗಲೆಲ್ಲ ಮಾತಾಡಿಸಿದರು. ಬಿಸಿಲಿನ ಬಗ್ಗೆ, ಟ್ರಾಮ್ ಹಳಿ ಅಗೆದಿರುವ ಬಗ್ಗೆ. ಹೆಂಡತಿ ಮಕ್ಕಳು ಚೆನ್ನಾಗಿದ್ದಾರೆಯೇ ಎಂದು ಕೇಳಿದರು. ನನಗೆ ಒಬ್ಬಳೇ ಮಗಳು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಟ್ಟಡದ ಉಳಿದ ಇಪ್ಪತ್ತೈದು ಮನೆಯವರು ನನ್ನೊಂದಿಗೆ ಹೇಗೆ ಇರುತ್ತಾರೋ ಅವರೂ ಹಾಗೆ ಇರತೊಡಗಿದರು. ಅಡಿಗೆ ಕಳಿಸಿದರೆ ಡಬ್ಬಿಯನ್ನು ತೊಳೆದು, ಒಳಗೆ ಧನ್ಯವಾದದ ಚೀಟಿಯಿಟ್ಟು ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದರು. ಬುಧವಾರದ ಸರದಿಯನ್ನು ಸೋಮವಾರಕ್ಕೆ ಬದಲಾಯಿಸಿಕೊಂಡರು. ಸೋಮವಾರ ನಾನು ಗೋದಾಮಿನಲ್ಲಿರುತ್ತೇನೆ.

ನಾನು ಎರಡು ಸಲ ಮೇಲೆ ಹೋಗಿ ಗಂಟೆ ಒತ್ತಿದೆ. ಮೊದಲ ಸಲ ಅವರು ಆಸ್ಪತ್ರೆಯಲ್ಲಿದ್ದರು. ಎರಡನೇ ಸಲ ಒಳಗೆ ರೇಡಿಯೋ ಕೇಳಿಸುತ್ತಿತ್ತು, ಬಾಗಿಲು ತೆರೆಯಲಿಲ್ಲ. ಡಯಾಲಿಸಿಸ್ ಮರುದಿನ ಅವರು ಕೂತಲ್ಲೇ ನಿದ್ದೆ ಹೋಗುವುದುಂಟು. ಆ ದಿನ ನಿದ್ದೆ ಹೋಗಿದ್ದರೋ ಇಲ್ಲವೋ ತಿಳಿಯದು.

ಆಗಸ್ಟಿನಲ್ಲಿ ನಮ್ಮ ಪರವಾನಗಿ ಬಂತು. ಹೆಂಡತಿ ಕೇಸರಿಬಾತ್ ಮಾಡಿದಳು. ಮೇಲಕ್ಕೆ ಕಳಿಸಬೇಕೋ ಬೇಡವೋ ಎಂದು ಇಬ್ಬರೂ ಯೋಚಿಸಿದೆವು, ಕಳಿಸಲಿಲ್ಲ.

ಸೆಪ್ಟೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಬಾಗಿಲ ಮುಂದೆ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ಟ್ಯಾಕ್ಸಿ ನಿಂತಿತ್ತು. ಇಂಜಿನ್ ಓಡುತ್ತಿತ್ತು. ಚಾಲಕ ಇಳಿದು ಬಂದು, ಮೂರನೇ ಮಹಡಿಯವರು ಫೋನು ಎತ್ತುತ್ತಿಲ್ಲ, ಗಂಟೆ ಒತ್ತಿದರೂ ಬರುತ್ತಿಲ್ಲ, ನಿನಗೆ ಗೊತ್ತೇ ಎಂದು ಕೇಳಿದ. ಅವನೂ ಎಲ್ಲಿಂದಲೋ ಬಂದವನು, ಅವನ ಸ್ವೀಡಿಷ್ ನನ್ನದರಷ್ಟೇ. ವರ್ಷದಿಂದ ಅವರನ್ನು ಕರೆದುಕೊಂಡು ಹೋಗುತ್ತಿದ್ದನಂತೆ. ಮುಂದಿನ ಸೀಟಿನಲ್ಲೇ ಕೂರುತ್ತಾರೆ, ಇಳಿಯುವಾಗ ಎರಡು ಸಲ ಥ್ಯಾಂಕ್ಸ್ ಹೇಳುತ್ತಾರೆ ಎಂದ. ಏನಾದರೂ ಆಗಿರಬಹುದೆಂದು ಅವನಿಗೆ ಗಾಬರಿ.

ನಾವಿಬ್ಬರೂ ಮೆಟ್ಟಿಲು ಹತ್ತಿದೆವು. ಬಾಗಿಲ ಮೇಲಿನ ಹೆಸರಿನ ಪಟ್ಟಿ ತೆಗೆದಿದ್ದರು. ಅಂಚೆ ಹಾಕುವ ಕಿಂಡಿಯನ್ನು ಅವನು ಬೆರಳಿನಿಂದ ಎತ್ತಿ ನೋಡಿದ, ನನಗೂ ತೋರಿಸಿದ. ಒಳಗೆ ನೆಲ ಖಾಲಿ. ಕಿಟಕಿಗೆ ಪರದೆ ಇರಲಿಲ್ಲ. ಯಾರೋ ಚೆನ್ನಾಗಿ ಗುಡಿಸಿ ಒರೆಸಿದ್ದರು.

ಚಾಲಕ ಜೇಬಿನಿಂದ ಫೋನು ತೆಗೆದ. ಸವಾರಿ ರದ್ದಾದದ್ದಕ್ಕೆ ಕಾರಣ ತುಂಬಬೇಕು ಎಂದ. ಇಂಗ್ಲೆಂಡಿನಲ್ಲಿ ಅವರ ತಂಗಿಯ ಮಗಳು ಇದ್ದಾಳೆ, ಅವಳ ಊರಿನ ಆಸ್ಪತ್ರೆಯಲ್ಲಿ ಜಾಗ ಸಿಗಬಹುದು ಎಂದು ಬೇಸಿಗೆಯಲ್ಲೊಮ್ಮೆ ಹೇಳಿದ್ದರು ಎಂದೆ.

"ಹಾಗಾದರೆ ಅಲ್ಲಿಗೆ ಹೋದರು ಅಂತ ಬರೆಯಲೇ?" ಎಂದ. "ನಿನಗೆ ಹೇಳಿ ಹೋದರಾ?"

"ಇಲ್ಲ," ಎಂದೆ. "ಮನೆ ಖಾಲಿ ಇದೆ ಅಂತ ಬರೆ."

ಅವನು ಹಾಗೆಯೇ ಬರೆದ.